ಧಣಿ ಕಾಣದ ದುಡಿಮೆ

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬೀಡಿ ಬ್ರಾಂಚ್ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಎಲೆ, ಹೊಗೆಸೊಪ್ಪು, ನೂಲು ಅಲ್ಲಿಂದ ತೂಕವಾಗಿ ಬರುತ್ತವೆ. ಹೆಂಗಸರು ಅವನ್ನು ಮನೆಗೆ ಒಯ್ದು, ಅಡುಗೆ, ಹಟ್ಟಿ, ಮಕ್ಕಳ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಬೆಳಿಗ್ಗೆ ಕಟ್ಟಿದರೂ ಸರಿ, ರಾತ್ರಿ ಟಿವಿ ಧಾರಾವಾಹಿ ನೋಡುತ್ತ ಕಟ್ಟಿದರೂ ಸರಿ. ಹಾಜರಿ ಪುಸ್ತಕವಿಲ್ಲ, ಮೇಸ್ತ್ರಿಯಿಲ್ಲ. ಕಟ್ಟಿದ್ದನ್ನು ಮತ್ತೆ ಬ್ರಾಂಚಿಗೆ ಒಯ್ದಾಗ ಮಾತ್ರ ಒಬ್ಬ ಕಂತೆ ಬಿಚ್ಚಿ ನೋಡುತ್ತಾನೆ. ಸಡಿಲವಾದದ್ದು, ಗಿಡ್ಡವಾದದ್ದು ಬದಿಗೆ ಬೀಳುತ್ತದೆ. ಉಳಿದದ್ದಕ್ಕೆ ಸಾವಿರದ ಲೆಕ್ಕದಲ್ಲಿ ಮಜೂರಿ.

ಈ ಹೆಂಗಸು ಸ್ವಂತ ಉದ್ಯೋಗ ಮಾಡುತ್ತಿದ್ದಾಳೋ, ಕಂಪನಿಯ ಕೆಲಸಗಾರಳೋ?

ಬೀಡಿ ಮಾಲೀಕರು ದಶಕಗಳ ಕಾಲ ಕೊಟ್ಟ ಉತ್ತರ ಮೊದಲನೆಯದು. ಅವರ ವಾದದಲ್ಲಿ ತರ್ಕವೂ ಇತ್ತು. ಏನು ಮಾಡಬೇಕು ಎಂದಷ್ಟೇ ಅಲ್ಲ, ಹೇಗೆ ಮಾಡಬೇಕು ಎಂದೂ ಹೇಳುವವನು ಧಣಿ, ಹಾಗೆ ಹೇಳಿಸಿಕೊಳ್ಳುವವನು ನೌಕರ ಎಂಬುದು ಕಾನೂನಿನ ಹಳೆಯ ಅಳತೆ. ಕಣ್ಣೆದುರು ಇಲ್ಲದವಳಿಗೆ ಯಾರು ಏನು ಹೇಳಿಯಾರು? ನ್ಯಾಯಾಲಯಗಳೂ ಒಂದು ಕಾಲದಲ್ಲಿ ಇಲ್ಲಿ ತೂಗಾಡಿದವು. ಇಷ್ಟ ಬಂದಾಗ ಕಾರ್ಖಾನೆಗೆ ಬಂದು ಹೋಗುತ್ತಿದ್ದ ನಾಗಪುರದ ಬೀಡಿ ಕಾರ್ಮಿಕರನ್ನು ಸುಪ್ರೀಂ ಕೋರ್ಟ್ 1960ರಲ್ಲಿ ಕೆಲಸಗಾರರೆಂದು ಒಪ್ಪಿತು. ಮರುವರ್ಷವೇ ಮಹಾರಾಷ್ಟ್ರದ ಇನ್ನೊಂದು ಪ್ರಕರಣದಲ್ಲಿ ಒಪ್ಪಲಿಲ್ಲ. 1964ರಲ್ಲಿ ಮದ್ರಾಸ್ ರಾಜ್ಯದ ಬೀಡಿ ಉದ್ಯಮದ ವ್ಯಾಜ್ಯ ಬಂದಾಗ, ನಡುವೆ ನಿಂತಿದ್ದ 'ಸ್ವತಂತ್ರ ಗುತ್ತಿಗೆದಾರ' ಬರಿಯ ಮುಖವಾಡ, ಅಸಲಿಗೆ ಅವನು ಕಂಪನಿಯದೇ ಏಜೆಂಟ್ ಎಂದು ತೀರ್ಮಾನವಾಯಿತು.

ಕೊನೆಗೆ ಸಂಸತ್ತೇ ನಡುವೆ ಬಂತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ನೌಕರರ ಲೆಕ್ಕಕ್ಕೆ ಸೇರಿಸಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಕೂಡ ಒಂದು. 1974ರ ಆ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು. ಭವಿಷ್ಯ ನಿಧಿಯ ವಿಷಯದಲ್ಲಿ ಇದೇ ಜಗಳ ಮತ್ತೆ ಎದ್ದಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕಿಲ್ಲ, ಮುಗಿದ ಮಾಲನ್ನು ತಿರಸ್ಕರಿಸುವ ಹಕ್ಕು ಕೈಯಲ್ಲಿದ್ದರೆ ಅದೇ ನಿಯಂತ್ರಣ. ನಾಳೆ ಬದಿಗೆ ಬೀಳಬಾರದು ಎಂಬ ಒಂದೇ ಭಯಕ್ಕೆ ಬೀಡಿ ಕಟ್ಟುವವಳು ಕಂಪನಿ ಬಯಸಿದ ಉದ್ದ, ಬಯಸಿದ ಬಿಗಿಯನ್ನೇ ಕೊಡುತ್ತಾಳೆ. ಬ್ರಾಂಚಿನಲ್ಲಿ ಕಂತೆ ಬಿಚ್ಚುವ ಕೈ ಅವಳ ಜಗಲಿಯವರೆಗೂ ಚಾಚಿರುತ್ತದೆ.

ಇದು ಬೀಡಿಗಷ್ಟೇ ಅನ್ವಯಿಸುವ ಮಾತಲ್ಲ. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್‌ನ ದರ್ಜಿಗಳಿಗೆ ಉಡುಪಿನ ಲೆಕ್ಕದಲ್ಲಿ ಕೂಲಿ. ಬೇಕಾದಾಗ ಬರಬಹುದಿತ್ತು, ಬೇಡವಾದ ಕೆಲಸ ಬಿಡಬಹುದಿತ್ತು, ಬೇರೆ ಅಂಗಡಿಗೂ ಹೊಲಿಯಬಹುದಿತ್ತು. ಆದರೂ 1973ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ನೌಕರರೆಂದೇ ಕರೆಯಿತು. ಯಂತ್ರ ಅಂಗಡಿಯವನದು, ಹೊಲಿಗೆ ಸರಿಯಿಲ್ಲವೆಂದು ವಾಪಸು ಕೊಡುವ ಅಧಿಕಾರವೂ ಅವನದೇ. 1978ರಲ್ಲಿ ಕೋಯಿಕ್ಕೋಡಿನ ಹಗ್ಗದ ಕಾರ್ಖಾನೆಯ 29 ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗುತ್ತಿಗೆಯ ಕಾಗದದ ಪರದೆ ಸರಿಸಿ ನೋಡಿ, ಯಾರು ಕೈ ಹಿಂದೆಗೆದರೆ ಕೆಲಸಗಾರನ ಅನ್ನ ನಿಲ್ಲುತ್ತದೋ ಅವನೇ ಧಣಿ ಎಂಬುದು ಆ ತೀರ್ಪಿನ ತಿರುಳು.

ಇಷ್ಟೆಲ್ಲ ಕಿತ್ತಾಟ ಬರಿಯ ಹೆಸರಿಗಾಗಿ ಅಲ್ಲ. ನೌಕರ ಎನಿಸಿಕೊಂಡರೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಗ್ರಾಚುಟಿ, ಸಂಬಳಸಹಿತ ರಜೆ, ಕೆಲಸದಿಂದ ತೆಗೆಯುವ ಮುನ್ನ ಕಾರಣ ಕೇಳುವ ಹಕ್ಕು ಬರುತ್ತವೆ. ಸ್ವತಂತ್ರ ವೃತ್ತಿನಿರತ ಎಂದು ಬರೆದರೆ ಇವೆಲ್ಲವೂ ಒಂದೇ ಸಹಿಗೆ ಹಾರಿಹೋಗುತ್ತವೆ. ಬೆಂಗಳೂರಿನ ಕಚೇರಿಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಬಂದು, ಮ್ಯಾನೇಜರ್ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ದುಡಿದು, ರಜೆಗೆ ಅವರ ಅನುಮತಿ ಕೇಳಿ, ತಿಂಗಳ ಕೊನೆಗೆ 10% ಟಿಡಿಎಸ್ ಕಳೆದ 'ವೃತ್ತಿ ಶುಲ್ಕ' ಪಡೆಯುವ ಕನ್ಸಲ್ಟೆಂಟ್‌ಗಳಿಗೆ ಇದು ಚೆನ್ನಾಗಿ ಗೊತ್ತು. (ಕಾರ್ಮಿಕರ ಕಷ್ಟಸುಖ ಬರೆಯುವ ಪತ್ರಿಕಾ ಕಚೇರಿಗಳೂ ಇದರಿಂದ ಹೊರತಲ್ಲ.)

ಹಾಗೆಂದು ಸ್ವತಂತ್ರವಾಗಿ ದುಡಿಯುವವರೆಲ್ಲ ಮರೆಮಾಚಿದ ನೌಕರರೇ ಎನ್ನಲಾಗದು. ತನ್ನ ದರ ತಾನೇ ಹೇಳುವ, ಹತ್ತು ಮನೆಗಳ ಗಿರಾಕಿಗಳನ್ನು ತಾನೇ ಕಟ್ಟಿಕೊಂಡ, ತಾನು ಬಾರದಿದ್ದರೆ ತಮ್ಮನನ್ನು ಕಳಿಸುವ ಎಲೆಕ್ಟ್ರಿಷಿಯನ್ ನಿಜಕ್ಕೂ ತನ್ನ ಒಡೆಯ ತಾನೇ. ಲಾಭವೂ ಅವನದು, ನಷ್ಟವೂ ಅವನದು. ಬ್ರಿಟನ್ನಿನಲ್ಲಿ ಮನೆಗೆ ಊಟ ತಲುಪಿಸುವ ಡೆಲಿವರೂ ಕಂಪನಿಯ ಸವಾರರು ಸೋತದ್ದು ಈ ಕಾರಣಕ್ಕೇ. ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸುವ ಅವಕಾಶ ಅವರಿಗೆ ನಿಜವಾಗಿಯೂ ಇತ್ತೆಂದು 2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಅದೇ ನ್ಯಾಯಾಲಯ 2021ರ ಫೆಬ್ರುವರಿ 19ರಂದು ಊಬರ್ ಚಾಲಕರ ಪರ ನಿಂತಿತ್ತು. ದರ ನಿಗದಿ ಮಾಡುವುದು ಕಂಪನಿ. ಒಪ್ಪಂದದ ಷರತ್ತು ಬರೆಯುವುದೂ ಕಂಪನಿ. ಸವಾರಿ ನಿರಾಕರಿಸುತ್ತ ಹೋದರೆ ಆ್ಯಪ್‌ನಿಂದ ಹೊರಗೆ. ಪ್ರಯಾಣಿಕರು ಕೊಡುವ ನಕ್ಷತ್ರ ಕಡಿಮೆಯಾದರೂ ಹೊರಗೆ. ಚಾಲಕ ಹೆಚ್ಚು ಗಳಿಸಲು ಉಳಿದದ್ದು ಹೆಚ್ಚು ಹೊತ್ತು ಓಡಿಸುವ ದಾರಿಯೊಂದೇ. ಆ್ಯಪ್ ಚಾಲೂ ಮಾಡಿ ಸವಾರಿಗೆ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದು ತೀರ್ಪು ಹೇಳಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಪೂರ್ಣ ನೌಕರನಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನ, ಆದರೆ ಕನಿಷ್ಠ ವೇತನ ಮತ್ತು ಸಂಬಳದ ರಜೆಗೆ ಅಷ್ಟು ಸಾಕಾಯಿತು. ಲಂಡನ್ನಿನ ನ್ಯಾಯಾಧೀಶರು 2021ರಲ್ಲಿ ನಕ್ಷತ್ರಗಳಲ್ಲಿ ಕಂಡದ್ದನ್ನು ನಮ್ಮ ನ್ಯಾಯಾಧೀಶರು 1985ರಲ್ಲೇ ಬೀಡಿಯ ಕಂತೆಯಲ್ಲಿ ಕಂಡಿದ್ದರು.

ಆದರೆ ನಮ್ಮ ಹೊಸ ಕಾನೂನುಗಳು ಆ ದಾರಿ ಹಿಡಿಯಲಿಲ್ಲ. ಸಾಮಾಜಿಕ ಭದ್ರತಾ ಸಂಹಿತೆ, 2020 ಆ್ಯಪ್ ಚಾಲಕರು, ಡೆಲಿವರಿ ಸವಾರರಂಥ ಗಿಗ್ ಕಾರ್ಮಿಕರನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿರುವವರೆಂದು ವ್ಯಾಖ್ಯಾನದಲ್ಲೇ ಬರೆದುಬಿಟ್ಟಿತು. ಕೇಳಬೇಕಾದ ಪ್ರಶ್ನೆಗೆ ಮೊದಲೇ ಉತ್ತರ ಬರೆದಂತಾಯಿತು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಇದಕ್ಕಿಂತ ಉದಾರವಾದದ್ದು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿ 1ರಿಂದ 5% ಕಲ್ಯಾಣ ಶುಲ್ಕ ಕಟ್ಟಬೇಕು. ಕಲ್ಯಾಣ ಮಂಡಳಿಯಿದೆ. ಕಾರಣ ಬರೆದು, 14 ದಿನಗಳ ಮುಂಚಿತ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಇವು ಸಣ್ಣ ಗಳಿಕೆಯಲ್ಲ. ಆದರೆ ಪೆಟ್ರೋಲ್ ಖರ್ಚು, ಸವಾರಿ ಸಿಗದ ಹೊತ್ತು, ಕೈಗೆ ಬರುವ ಕನಿಷ್ಠ ಗಳಿಕೆ ಇವೆಲ್ಲ ಆ ಶುಲ್ಕದ ಆಚೆಗೇ ಉಳಿದಿವೆ.

ಹೈಕೋರ್ಟಿನಲ್ಲೂ ಒಮ್ಮೆ ಬಾಗಿಲು ಅರ್ಧ ತೆರೆದು ಮುಚ್ಚಿತು. ಚಾಲಕನ ವರ್ತನೆಯ ವಿರುದ್ಧ ಪ್ರಯಾಣಿಕ ಮಹಿಳೆಯೊಬ್ಬರು ಕೊಟ್ಟ ದೂರನ್ನು ಓಲಾ ಕಂಪನಿ ಆತ ಸ್ವತಂತ್ರ ಗುತ್ತಿಗೆದಾರನೆಂದು ಹೇಳಿ ಕೈಬಿಟ್ಟಿತ್ತು. ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಮಟ್ಟಿಗೆ ಚಾಲಕನೂ ಉದ್ಯೋಗಿಯೇ ಎಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2024ರ ಸೆಪ್ಟೆಂಬರ್ 30ರಂದು ಹೇಳಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು.

ಈ ಜಗಳದಲ್ಲಿ ಹೆಚ್ಚು ಜನ ಗಮನಿಸದ ಗಂಟೊಂದಿದೆ. ತಾನು ನೌಕರ ಎನ್ನುವವನೇ ಅದನ್ನು ಸಾಬೀತು ಮಾಡಬೇಕು ಎಂಬುದು ನಮ್ಮಲ್ಲಿ ನೆಲೆಯೂರಿದ ನಿಯಮ. 2004ರ ನೀಲಗಿರಿ ಸಹಕಾರಿ ಮಾರಾಟ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಬೀಡಿಯಲ್ಲಾದರೆ ಎಲೆಯ ತೂಕ, ಒಪ್ಪಿಸಿದ ಲೆಕ್ಕ ಕಾಗದದ ಮೇಲಿರುತ್ತದೆ. ಆ್ಯಪ್‌ನಲ್ಲಿ ಯಾರಿಗೆ ಎಷ್ಟು ಆರ್ಡರ್ ಹೋಯಿತು, ನಿರಾಕರಿಸಿದವನಿಗೆ ಮುಂದೆ ಏನಾಯಿತು ಎಂಬುದೆಲ್ಲ ಕಂಪನಿಯ ಸರ್ವರ್‌ನಲ್ಲಿ. ಐಡಿ ಬ್ಲಾಕ್ ಆದ ದಿನ ಸವಾರನ ಕೈಯಲ್ಲಿ ಉಳಿಯುವುದು ಒಂದಷ್ಟು ಸ್ಕ್ರೀನ್‌ಶಾಟ್. ಯುರೋಪಿಯನ್ ಒಕ್ಕೂಟ 2024ರ ನಿರ್ದೇಶನದಲ್ಲಿ ಈ ಹೊರೆಯನ್ನೇ ತಿರುಗಿಸಿತು. ನಿಯಂತ್ರಣದ ಕುರುಹು ಕಂಡರೆ ಮೊದಲು ನೌಕರನೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಕೆಲಸ ಕಂಪನಿಯದು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು 2026ರ ಡಿಸೆಂಬರ್ 2ರ ಗಡುವಿದೆ. ಕರ್ನಾಟಕದ ಕಾಯ್ದೆ ಅಷ್ಟು ದೂರ ಹೋಗಿಲ್ಲ. ಆದರೆ ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಾರ್ಮಿಕನಿಗೆ ತಿಳಿಸುವುದನ್ನು ಅದು ಕಂಪನಿಗಳ ಹೊಣೆಯಾಗಿಸಿದೆ. ಆ ಮಾಹಿತಿ ಹೊರಬಂದರೆ, ಬೀಡಿ ತೀರ್ಪಿನ ಅಳತೆಗೋಲನ್ನು ಆ್ಯಪ್‌ಗೆ ಹಿಡಿಯಲು ವಕೀಲರಿಗೆ ಬೇಕಾದ ಪುರಾವೆ ಮೊದಲ ಬಾರಿಗೆ ಕಾರ್ಮಿಕರ ಬಳಿಯೇ ಇರುತ್ತದೆ.