ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ

ಗದುಗಿನ ಪುಟ್ಟರಾಜ ಗವಾಯಿಗಳ ಹಾಡುಗಾರಿಕೆ, ಪಾಠ ಹೇಳುವ ಕ್ರಮ, ದಾಸೋಹದ ನೇಮ ಎಲ್ಲವೂ ಗುರು ಪಂಚಾಕ್ಷರಿ ಗವಾಯಿಗಳಿಂದ ಬಂದವು. ಇಬ್ಬರೂ ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ.

ಪಂಚಾಕ್ಷರಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಕಂಠ ಮೆಚ್ಚಿ ಓದಿಗೂ ಊಟಕ್ಕೂ ಆಸರೆಯಾದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತ ಮೇಲೆ ಅವರು ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಅಭ್ಯಾಸ ಮಾಡಿದರು. ಮಲ್ಲಿಕಾರ್ಜುನ ಮನ್ಸೂರರಿಗೂ ಗುರುವಾಗಿದ್ದವರು ಇದೇ ನೀಲಕಂಠಬುವಾ. ಎರಡೂ ಪದ್ಧತಿಗಳಲ್ಲಿ ಅಷ್ಟೇ ಗಟ್ಟಿಯಾಗಿ ಹಾಡಬಲ್ಲವರೆಂದು ಪಂಚಾಕ್ಷರಿಗಳನ್ನು ಜನ 'ಉಭಯಗಾನ ವಿಶಾರದ' ಎಂದು ಕರೆದರು.

1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ. ಸೋದರಮಾವ ಚಂದ್ರಶೇಖರಯ್ಯನವರ ಹಾರ್ಮೋನಿಯಂ ಅವನ ಕೈಗೆ ಸಿಕ್ಕಿತು. ಹಾರ್ಮೋನಿಯಂನ ಕರಿ ಮನೆಗಳು ಎರಡೆರಡು, ಮೂರುಮೂರಾಗಿ ಮೇಲೆದ್ದಿರುತ್ತವೆ. ಬೆರಳಿನಲ್ಲಿ ಸವರಿದರೆ ಸಾಕು, ಸ್ವರ ಎಲ್ಲಿದೆಯೆಂದು ಗೊತ್ತಾಗುತ್ತದೆ. ಕಿವಿಗೆ ಬಿದ್ದ ಹಾಡನ್ನು ಹುಡುಗ ಅದರ ಮೇಲೆ ತಾನಾಗಿ ನುಡಿಸುವುದನ್ನು ಕಂಡ ಮಾವ ಅವನನ್ನು ಪಂಚಾಕ್ಷರಿಗಳ ಮಡಿಲಿಗೆ ಹಾಕಿದರು.

ಆಗ ಪಂಚಾಕ್ಷರಿಗಳ ಸಂಗೀತ ಶಾಲೆಗೆ ಒಂದು ಊರೆಂಬುದಿರಲಿಲ್ಲ. ಗುರು, ಶಿಷ್ಯರು, ವಾದ್ಯಗಳು ಎಲ್ಲ ಒಟ್ಟಿಗೆ ಊರಿಂದೂರಿಗೆ ಹೋಗುತ್ತಿದ್ದವು. ಖರ್ಚಿಗೆ ಭಕ್ತರ ಕಾಣಿಕೆ, ನಾಟಕದ ಕಲೆಕ್ಷನ್ ಆಧಾರ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ರಾತ್ರಿಯಿಡೀ ಕೂತು ಕೇಳುವ ಸೀಮೆಯಲ್ಲಿ ಹಾಡುಗಳಿರುವ ನಾಟಕಕ್ಕೆ ಜನ ಸೇರುವುದು ಕಷ್ಟವಿರಲಿಲ್ಲ. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಶಾಲೆ ನೆಲೆ ನಿಂತಿತು. ಜರ್ಮನಿಯ ಸಂಗೀತಕಾರ ಬಾಖ್ ಕಲಿಸುತ್ತಿದ್ದ ಲೈಪ್‌ಜಿಗ್‌ನ ಸಂತ ಥಾಮಸ್ ಶಾಲೆಯಲ್ಲೂ ಬಡ ಹುಡುಗರು ಊಟ, ವಸತಿ ಪಡೆದು ಚರ್ಚಿನಲ್ಲಿ ಹಾಡುತ್ತಿದ್ದರು. ಪುಣ್ಯಾಶ್ರಮ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಂಧ ಮಕ್ಕಳನ್ನೇ ಮೊದಲು ಕರೆದು ಕೂರಿಸಿತು. ಪಂಚಾಕ್ಷರಿಗಳ ದೊಡ್ಡ ಸಾಧನೆ ಇದೇ. ಭಿಕ್ಷೆಯೊಂದೇ ಗತಿ ಎಂದುಕೊಂಡಿದ್ದ ಮಕ್ಕಳು ಅಲ್ಲಿಂದ ಸಂಗೀತ ಮೇಷ್ಟರಾಗಿ, ಕೀರ್ತನಕಾರರಾಗಿ, ತಬಲಾ ವಾದಕರಾಗಿ ಹೊರಬಂದರು. ಬಸವರಾಜ ರಾಜಗುರು ಅವರಂಥ ಗಾಯಕರು ಬೆಳೆದದ್ದೂ ಪಂಚಾಕ್ಷರಿಗಳ ಕೈಯಲ್ಲೇ.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ 30 ವರ್ಷ. ಮುಂದಿನ 66 ವರ್ಷ ಆಶ್ರಮದ ಹೊಣೆ ಅವರದೇ. ಗುರುಗಳಂತೆ ಅವರೂ ಎರಡೂ ಪದ್ಧತಿ ಹಾಡಿದರು, ವಚನಗಳನ್ನು ರಾಗಕ್ಕೆ ಕೂರಿಸಿದರು, ನಾಟಕ ಬರೆದು ಕಂಪನಿ ನಡೆಸಿದರು. ಭಕ್ತರು ಊರೂರಲ್ಲಿ ಮಾಡಿದ ತುಲಾಭಾರದ ಕಾಣಿಕೆಯೆಲ್ಲ ಮಕ್ಕಳ ಅನ್ನಕ್ಕೆ ಹೋಯಿತು. ಪಿಟೀಲು, ತಬಲಾ, ಸಾರಂಗಿಯನ್ನೂ ನುಡಿಸಬಲ್ಲವರಾಗಿದ್ದರಿಂದ ಯಾವ ಮಗುವಿಗೆ ಯಾವ ವಾದ್ಯ ಒಗ್ಗುತ್ತದೆಂದು ಅವರಿಗೆ ತಿಳಿಯುತ್ತಿತ್ತು.

ಅವರ ಶಿಷ್ಯರಲ್ಲಿ ಒಬ್ಬರಾದ, ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಗಾಯಕ ವೆಂಕಟೇಶ ಕುಮಾರರನ್ನು ಆಶ್ರಮಕ್ಕೆ ಕರೆತಂದವರೂ ಸೋದರಮಾವನೇ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ. ಪುಟ್ಟರಾಜರ ಬಳಿ 12 ವರ್ಷ ಕಲಿತ ವೆಂಕಟೇಶ ಕುಮಾರರು ಮುಂದೆ ಧಾರವಾಡದಲ್ಲಿ ಸಂಗೀತ ಪ್ರಾಧ್ಯಾಪಕರಾದರು. 2016ರಲ್ಲಿ ಪದ್ಮಶ್ರೀ ಪಡೆದರು. ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಗದುಗಿನಲ್ಲಿ ಲಿಂಗೈಕ್ಯರಾದರು. ಆ ಬಳಿಕ ಆಶ್ರಮದ ಹೊಣೆ ಕಲ್ಲಯ್ಯಜ್ಜನವರಿಗೆ ಬಂತು.