ಪಿಕಪ್ ಏರಿಸಿದಿರಾ? ಶಾಕಪ್ಸರ್ ಅಳತೆಯನ್ನೂ ನೋಡಿ

2024ರ ಈರುಳ್ಳಿ ಕಾಲ. ಐವತ್ತು ಕಿಲೋದ ಇಪ್ಪತ್ನಾಲ್ಕು ಚೀಲ ಪಿಕಪ್ಪಿಗೆ ಹೇರಿಕೊಂಡು ಬೆಳಗಿನ ಜಾವ ಹೊರಟಿದ್ದೆವು. ಗಾಡಿ ಮಗನ ಕೈಯಲ್ಲಿತ್ತು, ನಾನು ಪಕ್ಕದಲ್ಲಿ ಕೂತಿದ್ದೆ. ಊರು ದಾಟಿ ಹಳ್ಳದ ಸೇತುವೆಗೆ ಇಳಿಯುವ ಜಾಗದಲ್ಲಿ ಕುರಿ ಹಿಂಡು ಅಡ್ಡ ಬಂತು. ಹಿಂಡಿನ ಹಿಂದೆ ಹತ್ತು ಹನ್ನೆರಡು ವರ್ಷದ ಹುಡುಗ. ಮಗ ಬ್ರೇಕ್ ತುಳಿದ. ಗಾಡಿಯ ಮೂತಿ ನೆಲಕ್ಕೆ ಮುಗ್ಗರಿಸಿದ ಹಾಗೆ ಬಗ್ಗಿತು, ಹಿಂಭಾಗ ಎದ್ದು ಕುಣಿಯಿತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹುಡುಗನಿಗೂ ಗಾಡಿಗೂ ಒಂದು ಮೊಳ ಅಂತರ ಉಳಿದಾಗ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ. ನಮ್ಮಿಬ್ಬರ ಕೈಕಾಲು ಮಾತ್ರ ಎಷ್ಟು ಹೊತ್ತಾದರೂ ನಡುಗುತ್ತಲೇ ಇದ್ದವು.

"ಬ್ರೇಕ್ ಹಿಡಿದೇ ಇತ್ತಪ್ಪಾ, ಗಾಡೀನೇ ನನ್ನ ಮಾತು ಕೇಳ್ಲಿಲ್ಲ" ಅಂದ ಮಗ. ಆ ಮಾತು ನಿಜ. ಯಾಕೆ ಕೇಳಲಿಲ್ಲ ಅಂತ ಹುಡುಕಲು ಹೊರಟಾಗ ಸಿಕ್ಕಿದ ಕಾರಣ ನಾನೇ ಮಾಡಿಸಿದ ಕೆಲಸದಲ್ಲಿತ್ತು. ನನ್ನ ಹಾಗೆ ಮಾಡಿಸಿದವರು ಇನ್ನೂ ಇರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ಏರಿಸಿದ್ದು ಯಾಕೆ?

ನಮ್ಮ ಹೊಲಕ್ಕೆ ಹೋಗುವುದು ಹಳೇ ಗಾಡಿ ಜಾಡು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ತಗ್ಗಾಗಿ ನಡುವೆ ದಿಣ್ಣೆ ಎದ್ದಿದೆ. ಲೋಡ್ ಹಾಕಿದರೆ ಪಿಕಪ್ಪಿನ ಸೈಲೆನ್ಸರ್, ಹಿಂದಿನ ಮಡ್‌ಗಾರ್ಡ್ ಎಲ್ಲ ತಾಗುತ್ತಿದ್ದವು. ಒಬ್ಬ ಮೆಕ್ಯಾನಿಕ್ ಹಿಂದಿನ ಕಮಾನಿಗೆ ಒಂದೊಂದು ಬ್ಲೇಡ್ ಹೆಚ್ಚಿಗೆ ಹಾಕಿಕೊಟ್ಟರು. ಖಾಲಿ ಗಾಡಿ ಹಿಂದೆ ಒಂದೂವರೆ ಇಂಚು ಏರಿತು. ನೋಡಲೂ ಗತ್ತಾಗಿತ್ತು. ನಾನು ಖುಷಿಯಾಗಿ ದುಡ್ಡು ಕೊಟ್ಟು ಬಂದೆ.

ಆಗ ಎರಡು ವಿಷಯ ನನಗೆ ತಿಳಿದಿರಲಿಲ್ಲ. ಮೊದಲನೆಯದು, ಬ್ಲೇಡ್ ಹಾಕಿದರೆ ಏರುವುದು ಚಾಸಿ ಮತ್ತು ಬಾಡಿ ಮಾತ್ರ. ಅಚ್ಚು ಏರುವುದಿಲ್ಲ. ಅಚ್ಚಿನ ನಡುವಿನ ಗುಂಡನೆಯ ಹೌಸಿಂಗ್ ನೆಲದಿಂದ ಎಷ್ಟು ಎತ್ತರ ಇತ್ತೋ ಅಷ್ಟೇ ಇರುತ್ತದೆ. ಅದು ಏರಬೇಕಾದರೆ ಟೈರ್ ದೊಡ್ಡದಾಗಬೇಕು. ಹಾಗಾಗಿ ಸೈಲೆನ್ಸರ್ ಉಳಿಯಿತು, ಹೌಸಿಂಗ್ ದಿಣ್ಣೆಗೆ ಉಜ್ಜುವುದು ತಪ್ಪಲಿಲ್ಲ. ಎರಡನೆಯದು, ಕಮಾನು ಏರಿಸಿದವರು ಶಾಕಪ್ಸರ್ ಕಡೆ ನೋಡಿರಲೇ ಇಲ್ಲ.

ಶಾಕಪ್ಸರ್ ಮಾಡುವ ಕೆಲಸ

ಶಾಕ್ ಅಬ್ಸಾರ್ಬರನ್ನು ನಮ್ಮ ಕಡೆ ಶಾಕಪ್ಸರ್ ಅಂತಲೇ ಕರೆಯುವುದು. ಅದು ಭಾರ ಹೊರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಭಾರ ಹೊರುವುದು ಕಮಾನು. ಕಮಾನಿನ ಕುಣಿತ ನಿಲ್ಲಿಸುವುದು ಶಾಕಪ್ಸರ್.

ಕುರಿಗೆ ಔಷಧಿ ಕುಡಿಸುವ ಸಿರಿಂಜನ್ನು ನೆನಪು ಮಾಡಿಕೊಳ್ಳಿ. ನಿಧಾನ ಒತ್ತಿದರೆ ಸಲೀಸಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಬಿಗಿಯುತ್ತದೆ. ಶಾಕಪ್ಸರ್ ಒಳಗೂ ಅದೇ ಲೆಕ್ಕ. ಕೊಳವೆಯಲ್ಲಿ ಎಣ್ಣೆ, ಎಣ್ಣೆಯೊಳಗೆ ಸಣ್ಣ ತೂತುಗಳಿರುವ ಪಿಸ್ಟನ್. ಗಾಡಿ ಕುಣಿದಾಗ ಎಣ್ಣೆ ಆ ತೂತಿನಲ್ಲೇ ನುಗ್ಗಿ ಹೋಗಬೇಕು. ಕುಣಿತದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಎಣ್ಣೆ ಸೋರಿದರೆ ಅಥವಾ ಒಳಗಿನ ವಾಲ್ವ್ ಸವೆದರೆ ಅದು ಬರೀ ಕೊಳವೆ.

ಹೋಗಿದೆ ಅಂತ ತಿಳಿಯುವುದು ಹೇಗೆ?

ನಾನು ನೋಡಿ ತಿಳಿದ ಗುರುತುಗಳು ಇವು:

1. ಕೊಳವೆಯ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿರುತ್ತದೆ. ಸೀಲಿನ ಹತ್ತಿರ ತೆಳ್ಳಗೆ ಬೆವರಿದ ಹಾಗಿದ್ದರೆ ಚಿಂತೆಯಿಲ್ಲ. ಹರಿದು ಇಳಿದಿದ್ದರೆ ಅದರ ಕಥೆ ಮುಗಿದಂತೆ.

2. ಖಾಲಿ ಗಾಡಿಯ ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಸವೆದಿದೆ. ಪಿಕಪ್ಪಿನ ಹಿಂದಿನ ಕಮಾನು ಗಡುಸು, ಒಬ್ಬರ ಕೈಗೆ ಬಗ್ಗದು. ಇಬ್ಬರು ಡಾಲಾ ಮೇಲೆ ಹತ್ತಿ ಕುಪ್ಪಳಿಸಿ ಇಳಿಯಬೇಕು.

3. ಕೆಟ್ಟ ದಾರಿಯಲ್ಲಿ ಐದಾರು ಕಿಲೋಮೀಟರ್ ಓಡಿಸಿ ಬಂದು ನಾಲ್ಕನ್ನೂ ಹುಷಾರಾಗಿ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ. ಜೊತೆಯದು ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದರ ಮೇಲೆ ಅನುಮಾನ ಪಡಿ.

4. ಟೈರ್ ಒಂದೇ ಸಮ ಸವೆಯದೆ ಅಲ್ಲಲ್ಲಿ ತಗ್ಗು ಬಿದ್ದಿರುತ್ತದೆ. ಕೈಯಾಡಿಸಿದರೆ ಗೊತ್ತಾಗುತ್ತದೆ.

5. ಬ್ರೇಕ್ ಹಾಕಿದಾಗ ಮೂತಿ ಬಗ್ಗುತ್ತದೆ. ಗುಂಡಿಯಲ್ಲಿ ಟಕ್ ಟಕ್ ಸದ್ದು ಬರುತ್ತದೆ. ಇದು ಬುಶ್ ಸವೆದರೂ ಬರುತ್ತದೆ.

ನನ್ನ ಗಾಡಿಯಲ್ಲಿ ಐದೂ ಇದ್ದವು. ಇನ್ನೊಂದು ಗುರುತನ್ನು ಮಂಡಿಯವರು ಮೊದಲೇ ಹೇಳಿದ್ದರು. "ಅಣ್ಣಾ, ನಿಮ್ ಗಾಡೀಲಿ ಬಂದ ಹಿಂದಿನ ಸಾಲಿನ ಚೀಲದಾಗೇ ಯಾಕೆ ಗಡ್ಡೆ ಜಜ್ಜಿರ್ತಾವೆ?" ಆಗ ನಾನು ಚೀಲ ಎತ್ತಿಹಾಕುವವರನ್ನು ಬೈದಿದ್ದೆ. ತಪ್ಪು ಅವರದಲ್ಲ. ಗಾಡಿಯ ಹಿಂಭಾಗ ಕುಣಿದು ಕುಣಿದು ಈರುಳ್ಳಿ ಜಜ್ಜುತ್ತಿತ್ತು.

ಹಳೆಯ ಅಳತೆ ಸಾಲದು

ಹಿಂದಿನ ಎರಡು ಶಾಕಪ್ಸರ್ ಬಿಚ್ಚಿದಾಗ ಒಂದರ ಸೀಲ್ ಒಡೆದಿತ್ತು, ಇನ್ನೊಂದರ ಮೇಲಿನ ಕಣ್ಣು ಬಿರುಕು ಬಿಟ್ಟಿತ್ತು. ಬ್ಲೇಡ್ ಹಾಕಿಸಿ ಎಂಟೇ ತಿಂಗಳಾಗಿತ್ತು. ಅದೇ ನಮೂನೆಯ ಹೊಸದು ತಂದು ಹಾಕಿದ್ದರೆ ಅದೂ ಹಾಗೇ ಹೋಗುತ್ತಿತ್ತು. ಯಾಕೆ ಅಂತ ಅಳತೆ ಹಿಡಿದಾಗ ತಿಳಿಯಿತು.

ಹಳೆಯದನ್ನು ಪೂರ್ತಿ ಎಳೆದರೆ ಕಣ್ಣಿನಿಂದ ಕಣ್ಣಿಗೆ 20 ಇಂಚು. ಏರಿಸುವ ಮುಂಚೆ ಖಾಲಿ ಗಾಡಿ ನಿಂತಾಗ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ 17 ಇಂಚು ಇತ್ತು. ಚಕ್ರ ಗುಂಡಿಗಿಳಿದರೆ ಇನ್ನೂ 3 ಇಂಚು ಹಿಗ್ಗಲು ಜಾಗವಿತ್ತು. ಏರಿಸಿದ ಮೇಲೆ ನಿಂತಾಗಲೇ 18½ ಇಂಚು. ಹಿಗ್ಗಲು ಉಳಿದದ್ದು ಒಂದೂವರೆ ಇಂಚು ಮಾತ್ರ. ಚಕ್ರ ಗುಂಡಿಗೆ ಬಿದ್ದಾಗೆಲ್ಲ ಇಡೀ ಅಚ್ಚು ಶಾಕಪ್ಸರ್ ಮೇಲೆ ಜೋತುಬೀಳುತ್ತಿತ್ತು. ಪಿಸ್ಟನ್ ಹೋಗಿ ಕೊಳವೆಯ ಮೇಲ್ತುದಿಗೆ ಬಡಿಯುತ್ತಿತ್ತು. ಗಿಡ್ಡ ಹಗ್ಗದಲ್ಲಿ ಕಟ್ಟಿದ ಎತ್ತು ಜಗ್ಗಿ ಜಗ್ಗಿ ಗೂಟ ಕೀಳುವ ಹಾಗೆ.

ಹಾಗಂತ ಉದ್ದನೆಯದನ್ನು ಕಣ್ಣಳತೆಯಲ್ಲಿ ತಂದು ಹಾಕಿದರೂ ಕೆಡುತ್ತದೆ. ಲೋಡಿನಲ್ಲಿ ಗಾಡಿ ಕೂತಾಗ ಅಚ್ಚು ಬಂಪ್ ರಬ್ಬರಿಗೆ ತಾಗುವ ಮೊದಲೇ ಶಾಕಪ್ಸರ್ ಪೂರ್ತಿ ಮುಚ್ಚಿಕೊಂಡು ಒಳಗೇ ಗುದ್ದುತ್ತದೆ. ಅದಕ್ಕೆ ಮೂರು ಅಳತೆ ಬೇಕು.

ಒಂದು: ಖಾಲಿ ಗಾಡಿ ಸಮನೆಲದಲ್ಲಿ ನಿಂತಾಗ ಪಿನ್ನಿಂದ ಪಿನ್ನಿಗೆ. ನನ್ನದು 18½ ಇಂಚು.

ಎರಡು: ಚಾಸಿಗೆ ಆಧಾರ ಕೊಟ್ಟು, ಶಾಕಪ್ಸರಿನ ಕೆಳಗಿನ ಬೋಲ್ಟ್ ಬಿಚ್ಚಿ, ಅಚ್ಚು ಪೂರ್ತಿ ಜೋತುಬಿದ್ದಾಗ ಪಿನ್ನಿಂದ ಪಿನ್ನಿಗೆ. ನನ್ನದು 20¾ ಇಂಚು. ಹೊಸದನ್ನು ಪೂರ್ತಿ ಎಳೆದಾಗ ಇದಕ್ಕಿಂತ ಮುಕ್ಕಾಲು ಇಂಚಾದರೂ ಹೆಚ್ಚಿರಬೇಕು. ಅಂದರೆ 21½.

ಮೂರು: ಖಾಲಿ ಗಾಡಿ ನಿಂತಾಗ ಅಚ್ಚಿಗೂ ಬಂಪ್ ರಬ್ಬರಿಗೂ ಇರುವ ಅಂತರ. ನನ್ನದು 4 ಇಂಚು. ಮೊದಲಿನ 18½ರಲ್ಲಿ 4 ಕಳೆದರೆ 14½. ರಬ್ಬರ್ ಅಮುಕಿಕೊಳ್ಳುವುದಕ್ಕೆ ಇನ್ನೊಂದು ಇಂಚು ಕಳೆದು 13½. ಹೊಸದು ಪೂರ್ತಿ ಮುಚ್ಚಿದಾಗ ಇದಕ್ಕಿಂತ ಗಿಡ್ಡ ಇರಬೇಕು.

ಇವು ನನ್ನ ಗಾಡಿಯ ಅಳತೆ. ನಿಮ್ಮದನ್ನು ನೀವೇ ಹಿಡಿಯಬೇಕು. ಚೀಟಿಯಲ್ಲಿ "ಎಳೆದಾಗ 21½, ಮುಚ್ಚಿದಾಗ 13" ಅಂತ ಬರೆದುಕೊಂಡು, ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡು ಚಿತ್ರದುರ್ಗಕ್ಕೆ ಹೋದೆ. ಅಂಗಡಿಯವರು ಕ್ಯಾಟಲಾಗ್ ತೆಗೆದು ಅಳತೆಗೆ ಹೊಂದುವುದನ್ನು ಹುಡುಕಿ ತರಿಸಿಕೊಟ್ಟರು. ಕಣ್ಣಿನ ಅಗಲ, ಬೋಲ್ಟಿನ ದಪ್ಪ ಹಳೆಯದಕ್ಕೆ ಕೂಡುವಂತಿರಬೇಕು. ಗಾಡಿಯ ಭಾರಕ್ಕೆ ತಕ್ಕದ್ದೇ ಅಂತಲೂ ಕೇಳಿ ತಿಳಿಯಬೇಕು. ಇದಕ್ಕೆ ಮುಂಚೆ ಒಬ್ಬರು "ಹಳೇದಕ್ಕೇ ಒಂದು ತುಂಡು ವೆಲ್ಡಿಂಗ್ ಹೊಡ್ದು ಉದ್ದ ಮಾಡ್ಕೊಡ್ತೀನಿ" ಅಂದಿದ್ದರು. ಒಪ್ಪಬೇಡಿ. ಬಿಸಿಗೆ ಸೀಲ್ ಸುಡುತ್ತದೆ. ಗ್ಯಾಸ್ ತುಂಬಿದ ಶಾಕಪ್ಸರಿಗೆ ಬೆಂಕಿ ತೋರಿಸಿದರೆ ಸಿಡಿಯುವ ಅಪಾಯವೂ ಇದೆ.

ಬಿಚ್ಚುವುದು, ಹಾಕುವುದು

ಕಮಾನು ಇರುವ ಹಿಂದಿನ ಜೋಡಿಯನ್ನು ನಾನೂ ಮಗನೂ ಮನೆ ಮುಂದೆಯೇ ಬದಲಿಸಿದೆವು. ಮುಂದಿನ ಜೋಡಿಯನ್ನು ಗ್ಯಾರೇಜಿನಲ್ಲಿ ಹಾಕಿಸಿದೆ. ಮುಂದೆ ಏರಿಸಿರಲಿಲ್ಲ, ಹಾಗಾಗಿ ಕಂಪನಿ ಅಳತೆಯದೇ ಸಾಕಾಯಿತು. ಸುರುಳಿ ಸ್ಪ್ರಿಂಗಿನ ಒಳಗೇ ಶಾಕಪ್ಸರ್ ಕೂತಿರುವ ನಮೂನೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಕುತ್ತು.

ಹಿಂದಿನ ರಾತ್ರಿಯೇ ನಟ್ಟುಗಳ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು ಡೀಸೆಲ್ ಬಿಟ್ಟೆವು. ಬೆಳಿಗ್ಗೆ ಸಲೀಸಾಗಿ ಬಂದವು. ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ಕೊರಡು ಕೊಡಬೇಕು. ಜಾಕಿಯೊಂದನ್ನೇ ನಂಬಿ ಗಾಡಿ ಕೆಳಗೆ ಮಲಗಬಾರದು. ಇಟ್ಟಿಗೆಯನ್ನಂತೂ ಆಧಾರ ಕೊಡಲೇಬಾರದು, ಪಟ್ಟನೆ ಪುಡಿಯಾಗುತ್ತದೆ. ನಾವು ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಚಾಸಿಗೆ ಕೊಟ್ಟೆವು.

ಹೊಸದನ್ನು ತಂದ ಹಾಗೇ ಹಾಕಬಾರದು. ಅಂಗಡಿಯಲ್ಲಿ ಮಲಗಿಸಿಟ್ಟಿದ್ದರಿಂದ ಎಣ್ಣೆ ಶಾಕಪ್ಸರ್ ಆದರೆ ಒಳಗೆ ಗಾಳಿ ಸೇರಿರುತ್ತದೆ. ಗಾಡಿಗೆ ಕೂರುವ ರೀತಿಯಲ್ಲೇ ನೆಟ್ಟಗೆ ಹಿಡಿದು ಪೂರ್ತಿ ಎಳೆಯಬೇಕು. ತಲೆಕೆಳಗು ಮಾಡಿ ನಿಧಾನ ಒತ್ತಬೇಕು. ಮತ್ತೆ ನೆಟ್ಟಗೆ ಹಿಡಿದು ಎಳೆಯಬೇಕು. ಐದಾರು ಸಲ ಹೀಗೆ ಮಾಡಿದರೆ ಸಡಿಲ ಹೋಗಿ ಒಂದೇ ಸಮ ಬಿಗಿ ಸಿಗುತ್ತದೆ. ಆಮೇಲೆ ಮಲಗಿಸದೆ ಹಾಗೇ ಗಾಡಿಗೆ ಹಾಕಿ. ಗ್ಯಾಸಿನದಾದರೆ ಪಟ್ಟಿ ಕಟ್ಟಿ ಬಂದಿರುತ್ತದೆ, ಗಾಡಿಗೆ ಕೂರಿಸುವಾಗ ಪಟ್ಟಿ ಕತ್ತರಿಸಿ.

ಬುಶ್ ಸಲೀಸಾಗಿ ಕೂರಲಿ ಅಂತ ಗ್ರೀಸ್ ಹಚ್ಚಬೇಡಿ. ಅದು ರಬ್ಬರನ್ನು ತಿನ್ನುತ್ತದೆ. ಸೋಪಿನ ನೀರು ಸಾಕು. ನಟ್ಟನ್ನು ಮೊದಲು ಕೈಬಿಗಿ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ನಂತರವೇ ಪೂರ್ತಿ ಬಿಗಿಯಬೇಕು. ಅಚ್ಚು ಜೋತುಬಿದ್ದಾಗಲೇ ಬಿಗಿದರೆ ಬುಶ್ ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಒಂದು ಹೋಗಿದ್ದರೂ ಜೋಡಿ ಬದಲಿಸಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಬ್ರೇಕಿನಲ್ಲಿ ಗಾಡಿ ಎಳೆಯುತ್ತದೆ. ಐನೂರು ಕಿಲೋಮೀಟರ್ ಆದ ಮೇಲೆ ಈ ನಟ್ಟುಗಳನ್ನೂ ಕಮಾನಿನ ಯು-ಬೋಲ್ಟನ್ನೂ ಮತ್ತೊಮ್ಮೆ ಬಿಗಿದು ನೋಡಿ.

ಬ್ರೇಕಿನ ಕಡ್ಡಿ

ಗಾಡಿ ನಿಲ್ಲದೇ ಹೋಗಿದ್ದಕ್ಕೆ ಶಾಕಪ್ಸರ್ ಒಂದೇ ಕಾರಣ ಅಲ್ಲ. ಅಚ್ಚು ಇಳಿಬಿಟ್ಟು ಅಳತೆ ಹಿಡಿಯುವಾಗ ಮಗ ಒಂದು ಕಡ್ಡಿ ತೋರಿಸಿದ. ಒಂದು ತುದಿ ಅಚ್ಚಿಗೆ, ಇನ್ನೊಂದು ತುದಿ ಚಾಸಿಯ ಮೇಲಿನ ವಾಲ್ವಿಗೆ. ಎಷ್ಟೋ ಪಿಕಪ್ಪುಗಳಲ್ಲಿ ಇದು ಇದೆ. ಲೋಡ್ ಬಿದ್ದು ಹಿಂಭಾಗ ಕೂತರೆ ಹಿಂದಿನ ಚಕ್ರಕ್ಕೆ ಬ್ರೇಕ್ ಹೆಚ್ಚು ಕೊಡುತ್ತದೆ. ಖಾಲಿಯಾಗಿ ಎದ್ದರೆ ಕಡಿಮೆ ಮಾಡುತ್ತದೆ. ನಾವು ಬ್ಲೇಡ್ ಹಾಕಿ ಏರಿಸಿದ್ದರಿಂದ ಹನ್ನೆರಡು ಕ್ವಿಂಟಾಲ್ ಹೇರಿದರೂ ವಾಲ್ವಿನ ಲೆಕ್ಕದಲ್ಲಿ ಅದು ಅರೆಖಾಲಿ ಗಾಡಿ. ಹಿಂದಿನ ಬ್ರೇಕ್ ಸಾಲದೆ ಭಾರವೆಲ್ಲ ಮುಂದಕ್ಕೆ ನುಗ್ಗಿ ಮೂತಿ ಬಗ್ಗಿತ್ತು.

ಈ ಕಡ್ಡಿಯನ್ನು ಅಂದಾಜಿನಲ್ಲಿ ತಿರುಗಿಸಬಾರದು. ಹೆಚ್ಚಾದರೆ ಖಾಲಿ ಗಾಡಿಯ ಹಿಂದಿನ ಚಕ್ರ ಮಳೆಯಲ್ಲಿ ಕಚ್ಚಿಕೊಂಡು ಜಾರುತ್ತದೆ. ಗೊತ್ತಿರುವ ಕಡೆ ಹೊಂದಿಸಬೇಕು. ನಾವು ಹಾಗೇ ಮಾಡಿಸಿದೆವು. ಅಚ್ಚು ಇಳಿಬಿದ್ದಾಗ ಬ್ರೇಕಿನ ರಬ್ಬರ್ ಪೈಪ್ ಬಿಗಿದು ನಿಲ್ಲುವುದೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.

ಕೊನೆಗೆ ಉಳಿದ ಲೆಕ್ಕ

ಹಿಂದಿನ ಜೋಡಿಗೆ ಮೂರೂವರೆ ಸಾವಿರ ಆಯಿತು. ಮುಂದಿನದು, ಗ್ಯಾರೇಜಿನ ಕೂಲಿ, ಕಡ್ಡಿ ಹೊಂದಿಸಿದ್ದು ಎಲ್ಲ ಬೇರೆ. ಈಗ ಗಾಡಿ ಬ್ರೇಕಿಗೆ ಸಮವಾಗಿ ಕೂರುತ್ತದೆ, ಹಿಂದಿನ ಸಾಲಿನ ಈರುಳ್ಳಿ ಜಜ್ಜಿದ ದೂರು ಮತ್ತೆ ಬಂದಿಲ್ಲ.

ಆದರೂ ಗಾಡಿ ಏರಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ತಯಾರಿಸಿದವರು ಗೊತ್ತುಮಾಡಿದ್ದನ್ನು ನಮ್ಮಿಷ್ಟಕ್ಕೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅಪಘಾತವಾದರೆ ವಿಮೆಯವರೂ ಅದನ್ನೇ ಎತ್ತಿ ಹಿಡಿಯಬಹುದು. ಈಗಾಗಲೇ ಏರಿಸಿಕೊಂಡವರು ಶಾಕಪ್ಸರ್, ಕಡ್ಡಿ, ಪೈಪ್ ಮೂರನ್ನೂ ಈ ವಾರವೇ ನೋಡಿಸಿ.

ಈ ಬೇಸಿಗೆಯಲ್ಲಿ ಜಾಡಿನ ಅಕ್ಕಪಕ್ಕದ ಹೊಲದವರು ನಾಲ್ಕು ಮನೆಯವರು ಸೇರಿ ನಡುದಿಣ್ಣೆ ಕಡಿದು, ತಗ್ಗಿಗೆ ಗರಸು ತುಂಬಿದೆವು. ಎರಡು ದಿನದ ಗುದ್ದಲಿ ಕೆಲಸ. ಹೌಸಿಂಗ್ ಉಜ್ಜುವುದು ನಿಂತಿತು. ಇನ್ನು ಹೆಚ್ಚಿನ ಬ್ಲೇಡಿನ ಅಗತ್ಯವಿಲ್ಲ. ಮುಂದಿನ ಎಫ್‌ಸಿಗೆ ಮುಂಚೆ ಅದನ್ನು ತೆಗೆಸಿ, ಶಾಕಪ್ಸರನ್ನೂ ಕಡ್ಡಿಯನ್ನೂ ಮೊದಲಿನ ಅಳತೆಗೆ ತರಿಸುವುದು ಅಂತ ಮಗನೂ ನಾನೂ ಮಾತಾಡಿಕೊಂಡಿದ್ದೇವೆ. ದಾರಿ ಸರಿ ಮಾಡುವ ಕೆಲಸವನ್ನು ಮೊದಲೇ ಮಾಡಿದ್ದರೆ ಈ ಖರ್ಚೂ ಇರಲಿಲ್ಲ, ಆ ಬೆಳಗಿನ ನಡುಕವೂ ಇರಲಿಲ್ಲ.