ಜಗಲಿಯ ಮೇಲೆ ಒಂದು ರಾತ್ರಿಯ ಅರಸುತನ

ಆಟಿ ತಿಂಗಳ ರಾತ್ರಿ. ಅಡಿಕೆ ತೋಟದ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಮನೆಯ ಜಗಲಿಯಲ್ಲಿ ಚಾಪೆ ಹಾಸಿದೆ. ನಡುವೆ ಭಾಗವತರು, ಅವರ ಪಕ್ಕದಲ್ಲಿ ಮದ್ದಳೆ ಮತ್ತು ಚೆಂಡೆಯವರು. ಇತ್ತ ಮೂರು ಜನ, ಅತ್ತ ಮೂರು ಜನ ಇದಿರುಬದಿರಾಗಿ ಕುಳಿತಿದ್ದಾರೆ. ಹಗಲಿನಲ್ಲಿ ನೋಡಿದರೆ ಇವರಲ್ಲಿ ಒಬ್ಬರು ಸಹಕಾರಿ ಸಂಘದ ಗುಮಾಸ್ತರು, ಒಬ್ಬರು ವಕೀಲರು, ಒಬ್ಬರು ಹೈಸ್ಕೂಲಿನ ಮಾಷ್ಟ್ರು, ಮತ್ತೊಬ್ಬರು ಮಳೆ ಬಿಟ್ಟ ಹೊತ್ತು ನೋಡಿ ತೋಟಕ್ಕೆ ಮದ್ದು ಬಿಡಿಸಿ ಬಂದ ಕೃಷಿಕರು. ಭಾಗವತರು ಪದ ಹೇಳಿ ತಾಳ ನಿಲ್ಲಿಸುತ್ತಾರೆ. ಗುಮಾಸ್ತರು ಹೆಗಲ ಶಾಲು ಸರಿಪಡಿಸಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಕ್ಷಣದಿಂದ ಅವರು ಹಸ್ತಿನಾವತಿಯ ಚಕ್ರವರ್ತಿ.

ಪುತ್ತೂರು, ಸುಳ್ಯ, ಕಡಬದ ಮಕ್ಕಳಿಗೆ ಇದು ಹೊಸ ನೋಟವಲ್ಲ. ಇದೇ ತಾಳಮದ್ದಳೆ. ಯಕ್ಷಗಾನದಿಂದ ಬಣ್ಣ, ಕಿರೀಟ, ಗೆಜ್ಜೆ, ಕುಣಿತ ಎಲ್ಲವನ್ನೂ ಕಳೆದರೆ ಉಳಿಯುವುದು ಹಾಡು ಮತ್ತು ಮಾತು. ಹಾಡು ಪ್ರಸಂಗದ ಪುಸ್ತಕದಲ್ಲಿದೆ. ಮಾತು ಎಲ್ಲಿಯೂ ಬರೆದಿಲ್ಲ. ಅದನ್ನು ಅರ್ಥಧಾರಿ ಆಗಿಂದಾಗಲೇ ಕಟ್ಟಬೇಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಬಯಲಾಟಕ್ಕೆ ಬಿಡುವು. ಮಳೆಗಾಲದ ಆ ದೀರ್ಘ ರಾತ್ರಿಗಳೇ ಕೂಟಗಳ ಕಾಲವಾದವು. ಈಗ ವರ್ಷವಿಡೀ ಕೂಟಗಳು ನಡೆಯುತ್ತವೆ. ಆದರೆ ಮಳೆಯ ಸದ್ದಿನ ಜೊತೆ ಕೇಳುವ ಮದ್ದಳೆಯ ಸೊಗಸೇ ಬೇರೆ.

ಹಳೆಯ ಕಾಲದ ಅರಸರಾಗಿ ಸ್ವಲ್ಪ ಹೊತ್ತು ಬಾಳುವ ಆಸೆ ನಮ್ಮವರಿಗೆ ಮಾತ್ರ ಇರುವುದಲ್ಲ. 1966ರ ಮೇ 1ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಲವು ಯುವಕರು ಮನೆಯ ಹಿತ್ತಿಲಿನಲ್ಲಿ ಮಧ್ಯಯುಗದ ಯೂರೋಪಿನ ಉಡುಪು ತೊಟ್ಟು ಒಂದು ಕಾಳಗದ ಪಂದ್ಯ ನಡೆಸಿದರು. ತಮಾಷೆಗೆಂದು ಆರಂಭವಾದದ್ದು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ' ಎಂಬ ದೊಡ್ಡ ಸಂಘವಾಗಿ ಬೆಳೆಯಿತು. ಅದರ ಸದಸ್ಯರು ಹಳೆಯ ಕಾಲದ ಹೆಸರೊಂದನ್ನು ಇಟ್ಟುಕೊಳ್ಳುತ್ತಾರೆ. ಬೆತ್ತದ ಕತ್ತಿಯಲ್ಲಿ ಹೋರಾಡಿ ಗೆದ್ದವರು ಕೆಲವು ತಿಂಗಳು 'ರಾಜ'ರಾಗುತ್ತಾರೆ. ಸಂಬಳವಿಲ್ಲ, ಅಧಿಕಾರವಿಲ್ಲ, ಇರುವುದು ಗೌರವದ ಕಿರೀಟ ಮಾತ್ರ. ಸೋಮವಾರ ಬೆಳಿಗ್ಗೆ ಆ ರಾಜರೂ ಕಚೇರಿಗೆ ಹೋಗಲೇಬೇಕು.

ಅಲ್ಲಿ ಉಡುಪು ಬೇಕು, ಕವಚ ಬೇಕು, ಕತ್ತಿ ಬೇಕು. ಇಲ್ಲಿ ಒಂದು ಬಿಳಿ ಪಂಚೆ, ಒಂದು ಶಾಲು ಸಾಕು. ಅವರ ಅರಸುತನ ತೋಳಿನ ಬಲದ್ದು, ನಮ್ಮದು ನಾಲಗೆಯ ಬಲದ್ದು. ಖರ್ಚಿನ ದೃಷ್ಟಿಯಿಂದ ನೋಡಿದರೂ ನಮ್ಮ ಹಿರಿಯರು ಜಾಣರೆಂದೇ ಹೇಳಬೇಕು!

ಅರಸನ ಪಾತ್ರ ವಹಿಸುವುದು ಇದೇ ಸೀಮೆಯಲ್ಲಿ ಒಮ್ಮೆ ಆಟವಾಗಿ ಉಳಿಯಲಿಲ್ಲ ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಗಿ ಬಂತು. ರೈತರು ಸಿಡಿದೆದ್ದರು. ಹಾಲೇರಿ ಅರಸುಮನೆಯವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಆಗಲೇ ಸೆರೆಯಲ್ಲಿದ್ದ. ಆದರೆ ಜನರನ್ನು ಒಟ್ಟುಗೂಡಿಸಲು ಒಬ್ಬ ಅರಸ ಬೇಕಲ್ಲ? ಪುಟ್ಟಬಸಪ್ಪ ಎಂಬವರು ಕಲ್ಯಾಣಸ್ವಾಮಿಯ ಹೆಸರು ಹೊತ್ತರು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಮುಂದೆ ನಿಂತರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಸುಮಾರು ಎರಡು ವಾರ ಮಾತ್ರ. ಬಳಿಕ ಬ್ರಿಟಿಷ್ ಸೇನೆ ಬಂತು, ಪುಟ್ಟಬಸಪ್ಪನವರು ಗಲ್ಲಿಗೇರಿದರು. ಹೊತ್ತುಕೊಂಡ ಹೆಸರಿಗೆ ಅವರು ತೆತ್ತ ಬೆಲೆ ಅದು. ಮಕ್ಕಳು ಶಾಲಾ ವಾರ್ಷಿಕೋತ್ಸವದಲ್ಲಿ ಅವರ ಪಾತ್ರ ವಹಿಸುವಾಗ ಇಷ್ಟಾದರೂ ಗೊತ್ತಿದ್ದರೆ ಒಳ್ಳೆಯದು.

ಮತ್ತೆ ಜಗಲಿಗೆ ಬರೋಣ. ಕೂಟದಲ್ಲಿ ಪಾತ್ರ ವಹಿಸುವುದಕ್ಕೆ ಕೆಲವು ಕಟ್ಟುಪಾಡುಗಳಿವೆ. ಕಥೆಯ ಕೊನೆಯನ್ನು ಬದಲಿಸುವಂತಿಲ್ಲ. ಸಂಧಾನಕ್ಕೆ ಬಂದ ಕೃಷ್ಣ ಎಷ್ಟೇ ಚೆನ್ನಾಗಿ ಮಾತಾಡಿದರೂ ಕೌರವ ಐದು ಗ್ರಾಮಗಳನ್ನು ಕೊಡುವಂತಿಲ್ಲ. ವಾಲಿ ಎಷ್ಟೇ ಗಟ್ಟಿಯಾಗಿ ಪ್ರಶ್ನಿಸಿದರೂ ರಾಮಬಾಣವನ್ನು ತಪ್ಪಿಸಿಕೊಳ್ಳುವಂತಿಲ್ಲ. ಫಲಿತಾಂಶ ಮೊದಲೇ ಗೊತ್ತಿದೆ. ದಾರಿ ಮಾತ್ರ ಮುಕ್ತ. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರ ಕೊಟ್ಟಿದ್ದರೂ ಲೆಕ್ಕ ಮಾಡುವುದು ತಪ್ಪುವುದಿಲ್ಲವಲ್ಲ, ಹಾಗೆ.

ಎರಡನೆಯ ಕಟ್ಟುಪಾಡು ಭಾಷೆಯದು. ಈ ಮೂರು ತಾಲೂಕುಗಳಲ್ಲಿ ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಕೊಂಕಣಿ, ಮಲಯಾಳಂ, ಬ್ಯಾರಿ ಎಂದು ಹಲವು. ಕನ್ನಡ ಕೂಟದಲ್ಲಿ ಕುಳಿತ ಮೇಲೆ ಎಲ್ಲರೂ ಗ್ರಂಥದ ಕನ್ನಡಕ್ಕೆ ಬರಬೇಕು. ದುರ್ಯೋಧನ 'ಪ್ರಾಬ್ಲಂ' ಎನ್ನುವಂತಿಲ್ಲ, ಭೀಮ 'ಟೈಮ್' ನೋಡುವಂತಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಹುಡುಗನೊಬ್ಬ ಎರಡು ಗಂಟೆ ಹೊತ್ತು ಒಂದೂ ಇಂಗ್ಲಿಷ್ ಪದ ಬಳಸದೆ ವಾದ ಮಾಡುವುದು ಎಷ್ಟು ಕಷ್ಟವೆಂದು ಹೆತ್ತವರು ಮನೆಯಲ್ಲಿ ಹತ್ತು ನಿಮಿಷ ಪ್ರಯತ್ನಿಸಿ ನೋಡಬಹುದು.

ಮೂರನೆಯದು ಇನ್ನೂ ಸ್ವಾರಸ್ಯದ್ದು. ಹಗಲಿನಲ್ಲಿ ಕಂಡರೆ ಎದ್ದು ನಿಂತು ನಮಸ್ಕರಿಸುವ ಮಾಷ್ಟ್ರನ್ನು ಕೂಟದಲ್ಲಿ ಶಿಷ್ಯ 'ಎಲವೋ ರಾವಣಾ' ಎಂದು ಏಕವಚನದಲ್ಲಿ ಕರೆಯಬೇಕು. ಅಂಗದನ ಅರ್ಥ ಹೇಳುವ ಹುಡುಗ ಅಂಜಿದರೆ ಪಾತ್ರವೇ ಕೆಟ್ಟಿತು. ಮೇಲಾಗಿ ಆ ಮಾಷ್ಟ್ರಿಗೂ ಬೇಜಾರು! ಹುಡುಗ ಚುರುಕಾಗಿ ಚುಚ್ಚಿದರೆ ರಾವಣನಿಗೆ ಒಳಗೊಳಗೇ ಖುಷಿ. ಮಂಗಳ ಪದ ಮುಗಿದ ಕೂಡಲೇ ಹುಡುಗ ಬಗ್ಗಿ ಪಾದ ಮುಟ್ಟುತ್ತಾನೆ. ಏಕವಚನ ಅಲ್ಲಿಗೆ ಮುಗಿಯಿತು. ವ್ಯಕ್ತಿಯನ್ನು ಬೇರೆ, ವಾದವನ್ನು ಬೇರೆ ಎಂದು ನೋಡುವ ಈ ಅಭ್ಯಾಸ ದೊಡ್ಡ ದೊಡ್ಡ ಸಭೆಗಳಲ್ಲೂ ಕಾಣಸಿಗುವುದು ಅಪರೂಪ. ಕೂಟದಲ್ಲೂ ಕೆಲವೊಮ್ಮೆ ಇದು ತಪ್ಪುತ್ತದೆ. ಕಥೆ ಬಿಟ್ಟು ಹಟಕ್ಕೆ ಬಿದ್ದು, ಇದಿರು ಕುಳಿತವರನ್ನು ಕಟ್ಟಿಹಾಕಿದೆನೆಂದು ಬೀಗುವ ಅರ್ಥಧಾರಿಗಳೂ ಇದ್ದಾರೆ. ಕೇಳುವವರು ಅಂಥಲ್ಲಿ ಚಪ್ಪಾಳೆ ತಟ್ಟದಿದ್ದರೆ ಉತ್ತಮ.

ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂಥ ಪ್ರಸಂಗ 'ಶರಸೇತು ಬಂಧನ'. ಮುಖ್ಯವಾಗಿ ಮೂರೇ ಪಾತ್ರಗಳು: ಅರ್ಜುನ, ಹನುಮಂತ, ಒಬ್ಬ ವೃದ್ಧ ಬ್ರಾಹ್ಮಣ. ರಾಮ ಬಾಣಗಳಿಂದಲೇ ಸೇತುವೆ ಕಟ್ಟಬಹುದಿತ್ತಲ್ಲ, ಕಪಿಗಳು ಬಂಡೆ ಹೊರಬೇಕಾಗಿತ್ತೇ ಎಂದು ಅರ್ಜುನನ ಕೊಂಕು. ಕಟ್ಟಿ ತೋರಿಸು, ನಾನೊಬ್ಬನೇ ನಡೆದರೂ ಮುರಿಯುತ್ತದೆ ಎಂದು ಹನುಮಂತನ ಸವಾಲು. ಸೋತರೆ ಅಗ್ನಿಪ್ರವೇಶ ಎಂದು ಅರ್ಜುನನ ಪಣ. ಸೇತುವೆ ಮುರಿಯುತ್ತದೆ, ಬೆಂಕಿ ಸಿದ್ಧವಾಗುತ್ತದೆ. ಆಗ ಬಂದ ವೃದ್ಧ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಸಾಕ್ಷಿ ಯಾರು? ಸಾಕ್ಷಿಯಿಲ್ಲದ ಪಂದ್ಯ ಪಂದ್ಯವೇ ಅಲ್ಲ, ಇನ್ನೊಮ್ಮೆ ನನ್ನ ಕಣ್ಣೆದುರಿಗೆ ಆಗಲಿ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಹೇಳಿಕೊಡುವುದೂ ಇದನ್ನೇ. ಒಂದು ಸಲ ಬಂದ ಫಲಿತಾಂಶ ಸಾಲದು. ಇನ್ನೊಬ್ಬರ ಎದುರಿಗೆ ಮತ್ತೆ ಮಾಡಿ ತೋರಿಸಬೇಕು. ಎರಡನೆಯ ಸಲ ಸೇತುವೆ ಮುರಿಯುವುದಿಲ್ಲ. ಕೆಳಗೆ ಬೆನ್ನು ಕೊಟ್ಟವನು ಭಗವಂತನೇ ಎಂಬುದು ಬೇರೆ ವಿಷಯ. ಆ ಅನುಕೂಲ ಪ್ರಯೋಗಶಾಲೆಯಲ್ಲಿ ಸಿಗದು.

ಈ ಕಲೆಗೆ ಹೆಸರು ತಂದವರಲ್ಲಿ ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914–1984) ಒಬ್ಬರು. ಹಿತಮಿತವಾದ ಮಾತು, ನಡುವೆ ತೆಳುವಾದ ಹಾಸ್ಯ ಅವರ ದಾರಿ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆ ರಾಮನ ಕಡೆಯವರು ಎಚ್ಚರದಿಂದಿರಬೇಕಾಗಿತ್ತು. ವಾಗ್ಮಿ ಕುಂಬಳೆ ಸುಂದರ ರಾಯರು (1934–2022) 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಆಯ್ಕೆಯಾದರು. ಅಂದಿನ ಕೂಟಗಳು ಬೆಳಗಿನವರೆಗೆ ನಡೆಯುತ್ತಿದ್ದವು. ಈಗ ಮೂರು ಗಂಟೆಯಲ್ಲಿ ಮುಗಿಯುವುದೇ ಹೆಚ್ಚು. ಹೆಂಗಸರ ಕೂಟಗಳೂ ನಡೆಯುತ್ತಿವೆ. ಹುಡುಗಿಯರು ಭೀಷ್ಮ, ಕರ್ಣರಾಗಿ ಕೂರುತ್ತಾರೆ. 2020ರಲ್ಲಿ ಕೊರೋನಾದಿಂದ ಮನೆಯ ಬಾಗಿಲು ಮುಚ್ಚಿದಾಗ ಕೂಟಗಳು ಮೊಬೈಲಿನ ಪರದೆಗೂ ಬಂದವು.

ಇಷ್ಟಾದರೂ ಹೆತ್ತವರ ಕಳವಳ ಸಹಜ. ಎಸ್ಸೆಸ್ಸೆಲ್ಸಿಯ ವರ್ಷ ಹುಡುಗ ಪ್ರಸಂಗದ ಪುಸ್ತಕ ಹಿಡಿದು ಕುಳಿತರೆ ಅಮ್ಮನಿಗೆ ಸಿಟ್ಟು ಬಾರದೇ? ಪರೀಕ್ಷೆಯ ವಾರ ಕೂಟ ಬೇಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಅರ್ಥಕ್ಕೆ ಸಿದ್ಧನಾಗಲು ಆ ಹುಡುಗ ಕುಮಾರವ್ಯಾಸನನ್ನೋ ತೊರವೆ ರಾಮಾಯಣವನ್ನೋ ತಾನಾಗಿ ತೆರೆಯುತ್ತಾನೆ. ಎದುರಾಳಿ ಏನು ಕೇಳಬಹುದೆಂದು ಮೊದಲೇ ಯೋಚಿಸುತ್ತಾನೆ. ತನಗೆ ಒಪ್ಪಿಗೆಯಿಲ್ಲದ ಪಕ್ಷದ ಪರವಾಗಿಯೂ ನ್ಯಾಯ ಹುಡುಕುತ್ತಾನೆ. ಟ್ಯೂಷನ್ ಕೊಟ್ಟು ಇದನ್ನು ಕಲಿಸುವವರು ಯಾರೂ ಇಲ್ಲ.

ಆರಂಭ ಹೇಗೆ? ರಂಗಸ್ಥಳದಲ್ಲಿ ಕಲಿಯುವ ಹುಡುಗರು ಮೊದಲು ಕಟ್ಟುವುದು ಪೂರ್ವರಂಗದ ಕೋಡಂಗಿ ವೇಷ. ಕೂಟದಲ್ಲಿ ಅದಕ್ಕೆ ಸಮವಾದದ್ದು ದೂತನ ಅರ್ಥ. ಅರಸನಿಗೆ ಸುದ್ದಿ ಮುಟ್ಟಿಸಿ, ಕೇಳಿದ್ದಕ್ಕೆ ಎರಡು ಮಾತು ಹೇಳಿ ಸುಮ್ಮನಾಗುವುದು. ಸಣ್ಣದೆಂದು ತಾತ್ಸಾರ ಬೇಡ. ಅನುಭವಿ ಅರ್ಥಧಾರಿ ಬೇಕೆಂದೇ ದೂತನನ್ನು ಹಿಡಿದು ನಿಲ್ಲಿಸಿ, 'ಬರುವ ದಾರಿಯಲ್ಲಿ ಏನೇನು ಕಂಡೆ?' ಎಂದು ಕೇಳುವುದುಂಟು. ಬಾಯಿಪಾಠ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಹುಡುಗನ ಸ್ವಂತದ್ದು.

ಊರಿನ ಯಕ್ಷಗಾನ ಸಂಘಗಳು ಹೆಚ್ಚಾಗಿ ದೇವಸ್ಥಾನದ ವಠಾರದಲ್ಲೋ ಶಾಲೆಯ ಕೋಣೆಯಲ್ಲೋ ಸೇರುತ್ತವೆ. ಪ್ರವೇಶಪತ್ರವಿಲ್ಲ, ಶುಲ್ಕವಿಲ್ಲ. ನಾಲ್ಕಾರು ಕೂಟಗಳನ್ನು ಭಾಗವತರ ಹಿಂದೆ ಕುಳಿತು ಕೇಳಿ, ಚಾ ಹಂಚಲು ಕೈಗೂಡಿಸಿದರೆ ಸಾಕು. ಒಂದು ದಿನ ದೂತನ ಅರ್ಥದವರು ಮಳೆಗೆ ಸಿಕ್ಕಿ ಬಾರದೆ ಉಳಿಯುತ್ತಾರೆ. ಭಾಗವತರು ಹಿಂದಕ್ಕೆ ತಿರುಗಿ, 'ನೀನು ಕೂರುತ್ತೀಯಾ ಮಾರಾಯಾ?' ಎಂದು ಕೇಳುತ್ತಾರೆ.